ಹುಣಸೆ ಬೀಜದ ಅಂಟು

ಮಧುಗಿರಿ ಹತ್ತಿರದ ಊರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. ಮೊದಲ ಕೀಮೋ ಮುಗಿಸಿ ಬಂದು, ಮೂರು ದಿನ ವಾಂತಿ ಮಾಡಿ ಸುಸ್ತಾಗಿ ಮಲಗಿದ್ದವಳ ಪಕ್ಕದಲ್ಲಿ ಕೂತು, "ನೀನು ಹಣ್ಣು ಜಜ್ಜಿ ತೆಗೆದು ಕೊಡ್ತೀಯಲ್ಲ ಹುಣಸೆ ಬೀಜ, ಅದರಲ್ಲೇ ಕ್ಯಾನ್ಸರಿಗೆ ಔಷಧಿ ಮಾಡ್ತಿದೀವಿ. ಇಷ್ಟೊಂದು ವಾಂತಿ ಇರಲ್ಲ" ಅಂದುಬಿಟ್ಟೆ. ಅವಳ ಮುಖ ಅರಳಿತು. ನನಗೂ ಹೆಮ್ಮೆಯಾಯಿತು, ಅದೇ ಎಡವಟ್ಟು.

ನಿಜ ಹೇಳಬೇಕೆಂದರೆ ನಾನು ಸಂಶೋಧನೆ ಮಾಡುವ ಲ್ಯಾಬಿನಲ್ಲಿ ಹೆಮ್ಮೆಪಡುವಂಥದ್ದೇನೂ ನಡೆದಿರಲಿಲ್ಲ. ಬೀಜದ ಅಂಟಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳನ್ನು ಮಾಡಿ ಅವುಗಳೊಳಗೆ ಕೀಮೋ ಔಷಧಿ ತುಂಬುತ್ತೇವೆ. ಅವು ಗೆಡ್ಡೆಯ ಹತ್ತಿರ ಹೋಗಿ ನಿಧಾನವಾಗಿ ಔಷಧಿ ಬಿಡಬೇಕು. ನಮ್ಮದು ಎರಡು ದಿನ ಹಿಡಿದಿಟ್ಟುಕೊಳ್ಳಬೇಕಾದದ್ದನ್ನು ಎರಡೇ ಗಂಟೆಯಲ್ಲಿ ಕಾರಿಕೊಳ್ಳುತ್ತಿತ್ತು. ಶಿರಾದ ಬೀಜ, ಕೊರಟಗೆರೆಯ ಬೀಜ, ದೊಡ್ಡಮ್ಮನ ಬೀಜ, ಯಾವುದು ತಂದರೂ ಅದೇ ಹಣೆಬರಹ. ತಲೆ ಚಚ್ಚಿಕೊಳ್ಳುವಂತಾಗಿತ್ತು.

ಎರಡು ತಿಂಗಳಾದ ಮೇಲೆ ಊರಿಗೆ ಹೋದರೆ, ದೊಡ್ಡಮ್ಮ ಹುರಿದ ಹುಣಸೆ ಬೀಜದ ಪುಡಿಯನ್ನು ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದಾಳೆ. ಎರಡು ಕೀಮೋ ತಪ್ಪಿಸಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಇದನ್ನ ಕುಡಿ ಅಂತ ಯಾರು ಹೇಳಿದ್ರು ನಿನಗೆ?"

"ನೀನೇ ಅಲ್ವೇನಮ್ಮ. ವಾಂತಿ ಆಗಕಿಲ್ಲ ಅಂದೆ. ಆಗ್ನೂ ಇಲ್ಲ ನೋಡು."

"ಅಯ್ಯೋ, ಬೀಜ ಬರೀ ಔಷಧಿ ಹೊತ್ಕೊಂಡು ಹೋಗೋ ಗಾಡಿ ದೊಡ್ಡಮ್ಮ! ಒಳಗೆ ತುಂಬೋದು ಅದೇ ಆಸ್ಪತ್ರೆ ಔಷಧೀನೇ."

ಅವಳು ಲೋಟ ಕೆಳಗಿಟ್ಟಳು. "ಅಂಗಾದ್ರೆ ಇಷ್ಟು ದಿನ ಖಾಲಿ ಗಾಡಿ ಕುಡಿದ್ನಾ?"

ನನಗೆ ನಗು ಬರಲಿಲ್ಲ. ಅವಳ ಮೇಲೆ ರೇಗಿದೆ. ನೀವಾದರೂ ನೋಡಿಕೊಳ್ಳಬಾರದಿತ್ತೇ ಎಂದು ದೊಡ್ಡಪ್ಪನ ಮೇಲೂ ರೇಗಿದೆ. ನಿಜವಾಗಿ ಯಾರ ಮೇಲೆ ರೇಗಬೇಕು ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ದನಿ ಇನ್ನೂ ಏರುತ್ತಿತ್ತು.

"ನಾಳೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಬತ್ತೀನಿ ಕಣಮ್ಮ. ಆದ್ರೆ ಆ ಸೂಜಿ ಬದ್ಲು ನಿನ್ನ ಗಾಡಿ ಔಷ್ದೀನೇ ಹಾಕ್ಸು."

"ಆಗಲ್ಲ. ಅದನ್ನ ಇನ್ನೂ ಒಂದು ಇಲಿಗೂ ಕೊಟ್ಟಿಲ್ಲ."

ದೊಡ್ಡಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿ ಎದ್ದಳು.

"ಇಲಿಗೂ ಕೊಡ್ದಿರೋದನ್ನ ನಂಗ್ಯಾಕಮ್ಮ ಹೇಳ್ದೆ?" ಎಂದು, ಆಸ್ಪತ್ರೆಯ ಫೈಲು ಹುಡುಕಲು ಒಳಗೆ ಹೋದಳು.