ಪುಕ್ಕಟೆ ಬಂದ ಡಬ್ಬಿ

ನಮ್ಮಪ್ಪ ನ್ಯಾಮತಿಯಲ್ಲಿ ದರ್ಜಿ. ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ತಿರುಗುವ ಕಡೆ ಸಣ್ಣದೊಂದು ಮಳಿಗೆ, ಅದರಲ್ಲಿ ಒಂದೇ ಹೊಲಿಗೆ ಮಷೀನು. ಅಪ್ಪ ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವುದು ಅವ್ವನ ಕೆಲಸ, ಶಾಲೆಯಿಂದ ಬಂದ ಮೇಲೆ ನನ್ನದೂ. ನನಗಿಂತ ದೊಡ್ಡವನಾದ ಅಣ್ಣನಿಗೆ ಮಾತ್ರ ಕೂತು ಮಾಡುವ ಕೆಲಸ ಒಗ್ಗುತ್ತಿರಲಿಲ್ಲ. ಅವನು ಓಡುವವನು. ಬೆಳಿಗ್ಗೆ ಎದ್ದವನೇ ಹೊನ್ನಾಳಿ ರಸ್ತೆಗೆ ಬೀಳುತ್ತಿದ್ದ. ಬರಿಗಾಲು, ಮಡಚಿ ಕಟ್ಟಿದ ಪಂಚೆ. ತಿರುಗಿ ಬಂದಾಗಲೂ ಏದುಸಿರು ಇರುತ್ತಿರಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಾ, "ಅದೆಲ್ಲಿಗೆ ಓಡ್ತೀಯೋ ಮಾರಾಯ, ಯಾರರ ಅಟ್ಟಿಸ್ಕಂಡು ಬರ್ತಾರೇನು?" ಎಂದು ನಗುತ್ತಿದ್ದಳು.

ಅವನಿಗೆ ಪೊಲೀಸ್ ಆಗಬೇಕಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಎತ್ತರವೂ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಶಿವಮೊಗ್ಗದಲ್ಲಿ ಪೇದೆಗಳ ಆಯ್ಕೆ ನಡೆದಾಗ ಹೋದ. ಓಟದಲ್ಲಿ ಅವನೇ ಮುಂದೆ. ಆಮೇಲೆ ಎದೆಗೆ ಟೇಪು ಹಿಡಿದು ನೋಡಿ, ಸಾಲದು ಎಂದು ವಾಪಸು ಕಳಿಸಿದರು. ಅಣ್ಣ ಕಡ್ಡಿಯಂತಿದ್ದ. ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ.

"ಒಂದು ಬೆರಳು ಕಮ್ಮಿ ಬಂತಪ್ಪಾ" ಎಂದ ಸಂಜೆ ಮಳಿಗೆಗೆ ಬಂದು.

ಅಪ್ಪ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ತಾನೇ ಅಳೆದ. "ಉಸಿರು ಎಳ್ಕಾ. ಇನ್ನಾ ಎಳ್ಕಾ" ಎಂದ. ಬಂದ ಅಳತೆಯನ್ನು ನಮಗೆ ಹೇಳಲಿಲ್ಲ. "ಮುಂದಿನ ಸಲ ಆಗ್ತತೆ ಬಿಡೋ" ಎಂದಷ್ಟೇ ಹೇಳಿ ಮಷೀನು ತುಳಿಯತೊಡಗಿದ.

ಆ ಜಾಹೀರಾತನ್ನು ಅಣ್ಣ ನೋಡಿದ್ದು ಕ್ಷೌರದ ಅಂಗಡಿಯಲ್ಲಿ, ಯಾವುದೋ ವಾರಪತ್ರಿಕೆಯ ಹಿಂದಿನ ಪುಟದಲ್ಲಿ. ಎಡಗಡೆ ಪಕ್ಕೆಲುಬು ಎಣಿಸಬಹುದಾದ ಒಬ್ಬ ಗಂಡಸು, ಬಲಗಡೆ ಎದೆಯುಬ್ಬಿಸಿ ನಿಂತ ಗಂಡಸು. ಗಿಡಮೂಲಿಕೆಗಳಿಂದ ತಯಾರಿಸಿದ ಪುಡಿ, ಹಾಲಿನಲ್ಲಿ ಕದಡಿ ಕುಡಿದರೆ ಸಾಕು. ಹದಿನೈದು ದಿನದ ಡಬ್ಬಿ ಪೂರ್ತಿ ಉಚಿತ, ಗುಣ ಕಂಡರೆ ಮಾತ್ರ ಮುಂದಿನದು. ಅಣ್ಣ ಆ ಪುಟ ಕೇಳಿ ತಂದಿದ್ದ. ಇಬ್ಬರು ಗಂಡಸರ ಕಿವಿಗಳೂ ಬೇರೆ ಬೇರೆ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾವೆಲ್ಲ ಆ ಎದೆಯನ್ನೇ ನೋಡಿದೆವು.

"ಪುಕ್ಕಟೆ ಕೊಡ್ತಾರಂತೆ. ಹೋಗೋದೇನೈತೆ?" ಎಂದ ಅಣ್ಣ. ಅಪ್ಪನೂ ಹೂಂ ಅಂದ. ಅಣ್ಣ ಒಂದು ಕಾರ್ಡು ಬರೆದು ಹಾಕಿದ. ಡಬ್ಬಿ ಬಂತು.

ಕಂದು ಬಣ್ಣದ ಪುಡಿ, ಏಲಕ್ಕಿಯ ವಾಸನೆ. ವಾರ ಕಳೆಯುವುದರೊಳಗೆ ಅಣ್ಣನಿಗೆ ಇನ್ನಿಲ್ಲದ ಹಸಿವು. ಅವ್ವ ಮಾಡಿದ್ದೆಲ್ಲ ಖಾಲಿ ಮಾಡಿ ಇನ್ನೂ ಐತಾ ಎಂದು ಕೇಳುತ್ತಿದ್ದ. ಡಬ್ಬಿ ಮುಗಿಯುವ ಹೊತ್ತಿಗೆ ಕೆನ್ನೆ ತುಂಬಿಕೊಂಡವು. ಹೆತ್ತಾಗಿನಿಂದ ಮಗನ ಮುಖದಲ್ಲಿ ಮೂಳೆಯನ್ನೇ ನೋಡಿದ್ದ ಅವ್ವ ಅವನನ್ನು ಹೊಸಿಲ ಮೇಲೆ ಕೂರಿಸಿ ದೃಷ್ಟಿ ತೆಗೆದಳು. ಪಕ್ಕದ ಮನೆಯವರೂ ಬಂದು ನೋಡಿ ಹೋದರು.

ಡಬ್ಬಿಯೊಳಗೆ ಒಂದು ಇಂಗ್ಲಿಷ್ ಚೀಟಿ ಇತ್ತು. ಇರುವೆ ಸಾಲಿನಂಥ ಅಕ್ಷರ. ಬೇಡವಾದರೆ ಇಂತಿಷ್ಟು ದಿನದೊಳಗೆ ಬರೆದು ತಿಳಿಸಬೇಕು, ಇಲ್ಲದಿದ್ದರೆ ಪೂರ್ತಿ ಕೋರ್ಸಿಗೆ ಒಪ್ಪಿದಂತೆ ಎಂದು ಅದರಲ್ಲಿ ಬರೆದಿತ್ತಂತೆ. ಆಗ ನಾವು ಯಾರೂ ಓದಲಿಲ್ಲ. ಓದಿದ್ದರೂ ಅಣ್ಣ ಬೇಡವೆಂದು ಬರೆಯುತ್ತಿರಲಿಲ್ಲ. ಆಮೇಲೆ ತಿಂಗಳು ತಿಂಗಳೂ ವಿ.ಪಿ. ಪಾರ್ಸಲ್ ಬರತೊಡಗಿತು. ಹಣ ಕೊಟ್ಟರೆ ಟಪಾಲಿನವರು ಡಬ್ಬಿ ಕೊಡುತ್ತಾರೆ. ಕೊಡಬೇಕಾದ ಮೊತ್ತ ಪ್ರತಿ ಸಲವೂ ಏರುತ್ತಿತ್ತು. ಮಳೆಗಾಲದಲ್ಲಿ ಹೊಲಿಗೆ ಕಡಿಮೆಯಾದಾಗ ಅಪ್ಪ ಒಂದು ಪಾರ್ಸಲನ್ನು ವಾಪಸು ಕಳಿಸಿದ. ಹಿಂದೆಯೇ ಕಂಪನಿಯಿಂದ ಕಾಗದ ಬಂತು: ಒಪ್ಪಂದ ಮುರಿದಿದ್ದೀರಿ, ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು. ಕೋರ್ಟು ಎಂಬ ಮಾತಿಗೇ ಅಪ್ಪ ಹೆದರಿದ. ಮಗ ಪೊಲೀಸ್ ಆಗುವವನು, ಮನೆಯ ಮೇಲೆ ಕೇಸು ಇದ್ದರೆ ತಗೊಳ್ಳುತ್ತಾರೆಯೇ? ಮುಂದಿನ ಪಾರ್ಸಲನ್ನು ಹಣ ಕೊಟ್ಟು ಬಿಡಿಸಿಕೊಂಡ.

ಅಪ್ಪ ಆಗಾಗ ಅಳತೆ ತೆಗೆಯುತ್ತಿದ್ದ. ಎದೆ ಬೆಳೆದಿತ್ತು, ಅದು ಸುಳ್ಳಲ್ಲ. ಆದರೆ ಹೊಟ್ಟೆ ಅದಕ್ಕಿಂತ ಹೆಚ್ಚು ಬೆಳೆದಿತ್ತು, ತೋಳು ಮಾತ್ರ ಇಳಿದಿತ್ತು. "ಇದೇನೋ ನಿನ್ನ ಮೈ, ಒಂದು ಕಡೆ ತುಂಬಿ ಒಂದು ಕಡೆ ಕರಗಾಕತ್ತೈತೆ" ಎಂದ ಒಂದು ದಿನ. ಅಣ್ಣ ನಕ್ಕುಬಿಟ್ಟ. ಮತ್ತೊಂದು ಬೆಳಿಗ್ಗೆ ಅವನು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತವನು ಏಳಲಾರದೆ ಗೋಡೆ ಹಿಡಿದುಕೊಂಡ. ನಾನು ಕೈ ಕೊಟ್ಟೆ. "ಕಾಲು ಜೋಮು ಹಿಡದೈತೆ" ಎಂದ. ಹೊನ್ನಾಳಿ ರಸ್ತೆಯ ಓಟ ಆ ಹೊತ್ತಿಗೆ ನಿಂತೇ ಹೋಗಿತ್ತು. ಎದೆ ಸಾಕಷ್ಟಾದ ಮೇಲೆ ಮತ್ತೆ ಓಡಿದರಾಯಿತು ಎನ್ನುತ್ತಿದ್ದ.

ಎರಡನೆಯ ಸಲದ ಆಯ್ಕೆಗೆ ಅಪ್ಪನೂ ಜೊತೆಗೆ ಹೋದ. ಎದೆಯ ಅಳತೆಯಲ್ಲಿ ಪಾಸು. ಅಪ್ಪ ಬೇಲಿಯಾಚೆ ನಿಂತು ಕೈ ಮುಗಿದನಂತೆ. ಓಟ ಶುರುವಾಯಿತು. ಅಣ್ಣ ಮೊದಲ ಸುತ್ತಿನಲ್ಲೇ ಎಲ್ಲರಿಗಿಂತ ಹಿಂದೆ ಬಿದ್ದ. ಎರಡನೆಯ ಸುತ್ತಿನಲ್ಲಿ ಮಂಡಿ ಮಡಚಿ ನೆಲಕ್ಕೆ ಬಿದ್ದ. ಹುಡುಗರು ಅವನನ್ನು ಬಳಸಿಕೊಂಡು ಓಡಿದರು.

ಮನೆಗೆ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ, ಡಬ್ಬಿ ತಂದು ಪುಡಿಯನ್ನೆಲ್ಲ ಚರಂಡಿಗೆ ಸುರಿದ. "ಇದೇ ನಿನ್ನ ಕಾಲು ತಿಂದಿದ್ದು. ಇನ್ನು ಮುಟ್ಟಬ್ಯಾಡ!" ಎಂದು ಕೂಗಿದ. ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅದಾದ ಕೆಲವೇ ದಿನಗಳಲ್ಲಿ ಅಣ್ಣನಿಗೆ ವಾಂತಿ ಶುರುವಾಯಿತು. ನೀರೂ ನಿಲ್ಲಲಿಲ್ಲ. ಮೈ ತಣ್ಣಗಾಗಿ, ಕರೆದರೆ ಓಗೊಡದಂತಾದ. ಬಾಡಿಗೆ ಕಾರಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಮುಖ ನೋಡಿದರು, ಹೊಟ್ಟೆ ನೋಡಿದರು, ಏನೇನು ತಿನ್ನುತ್ತಿದ್ದ ಎಂದು ಕೇಳಿದರು. ಅಪ್ಪ ಎಲ್ಲ ಹೇಳಿದ.

"ಯಜಮಾನ್ರೇ, ಅದು ಗಿಡಮೂಲಿಕೆ ಅಲ್ಲ. ಸ್ಟೆರಾಯ್ಡ್ ಬೆರೆಸಿದಾರೆ" ಎಂದರು ಡಾಕ್ಟರು. "ಹಸಿವು ಹೆಚ್ಚೋದು, ಮುಖ ಊದೋದು ಎಲ್ಲ ಅದರದೇ ಕೆಲಸ. ನೀವು ಒಂದೇ ಸಲಕ್ಕೆ ನಿಲ್ಲಿಸಬಾರದಿತ್ತು. ಮೈ ಅದಕ್ಕೆ ಒಗ್ಗಿಹೋಗಿರುತ್ತೆ, ಮೆಲ್ಲಗೆ ಬಿಡಿಸಬೇಕು."

ಡಾಕ್ಟರು ತಿಳಿಸಿ ಹೇಳಲೆಂದೇ ಆಡಿದ ಮಾತು ಅದು. ಅಪ್ಪ ಮಾತ್ರ ಅದರಲ್ಲಿ ಒಂದನ್ನೇ ಕೇಳಿಸಿಕೊಂಡ. ವಿಷ ಕಳಿಸಿದವರನ್ನು ಬಿಟ್ಟು, ಅದನ್ನು ಚೆಲ್ಲಿದ ತನ್ನ ಕೈಯನ್ನೇ ಬೈದುಕೊಂಡ. "ನಾನು ಚೆಲ್ಲಬಾರದಾಗಿತ್ತು" ಎಂದು ಸಾಯುವವರೆಗೂ ಹೇಳುತ್ತಿದ್ದ. "ನೀನು ಚೆಲ್ಲಿದ್ದಕ್ಕೇ ನಾನು ಉಳದೀನಿ ಅಪ್ಪ. ಇಲ್ಲದಿದ್ರೆ ತಿಂತಾನೇ ಇರ್ತಿದ್ದೆ" ಎಂದು ಅಣ್ಣ ಎಷ್ಟು ಸಲ ಹೇಳಿದರೂ ಅಪ್ಪನ ತಲೆಗೆ ಅದು ಹೋಗಲಿಲ್ಲ.

ಅಣ್ಣ ಉಳಿದ. ಊದಿದ್ದ ಮುಖ ಇಳಿಯಿತು, ತೊಡೆಗೆ ಒಂದಿಷ್ಟು ಬಲ ಬಂತು. ಆದರೆ ಸೊಂಟದ ಕೀಲು ಸವೆದುಹೋಗಿತ್ತು. ಅದೂ ಆ ಪುಡಿಯಿಂದಲೇ, ಇನ್ನು ಸರಿಹೋಗುವುದಿಲ್ಲ ಎಂದರು. ಊರುಗೋಲು ಬಂತು. ಮಷೀನು ತುಳಿಯಲು ಆಗದ್ದರಿಂದ ಅಪ್ಪನ ಮಳಿಗೆಯಲ್ಲಿ ನಿಂತು ಬಟ್ಟೆ ಕತ್ತರಿಸುವ ಕೆಲಸ ಕಲಿತ. ಬೆಳಿಗ್ಗೆ ಹೊನ್ನಾಳಿ ರಸ್ತೆಯ ಕಡೆ ಯಾರಾದರೂ ಹುಡುಗರು ಓಡುತ್ತಾ ಹೋದರೆ ಅವ್ವ ಬಾಗಿಲು ಮುಚ್ಚಿಬಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ, ಗ್ರಾಹಕರಿಗಾಗಿ ಹೊಸ ಕಾನೂನು ಬಂದಿದೆ, ಮೋಸ ಹೋದವರು ದೂರು ಕೊಡಬಹುದು ಎಂದು ರೇಡಿಯೋದಲ್ಲಿ ಹೇಳಿದರು. ಅಣ್ಣ ನನ್ನನ್ನು ಕರೆದುಕೊಂಡು ಹೊನ್ನಾಳಿಯ ವಕೀಲರೊಬ್ಬರ ಹತ್ತಿರ ಹೋದ. ಅವರು ವಯಸ್ಸಾದವರು, ಸಾವಧಾನದಿಂದ ಕೇಳಿದರು.

"ದುಡ್ಡು ಕೊಟ್ಟು ಕೊಂಡವನು ಗ್ರಾಹಕ ಅಂತ ಕಾನೂನಿನಾಗೆ ಐತಪ್ಪಾ. ಮೊದಲನೇ ಡಬ್ಬಿ ಪುಕ್ಕಟೆ ಬಂದಿದ್ದು. ಆಮೇಲಿನವಕ್ಕೆ ರಸೀದಿ ಅದಾವೇನು?"

ರಸೀದಿಗಳನ್ನು ಅವ್ವ ಡಬ್ಬಿಗಳ ಜೊತೆಗೇ ಸುಟ್ಟಿದ್ದಳು.

"ಮತ್ತೆ ಇದೆಲ್ಲ ಕಾನೂನು ಬರೋಕ್ಕಿಂತ ಮೊದಲೇ ನಡದೈತೆ. ಆದ್ರೂ ಒಂದು ನೋಟೀಸು ಕಳಿಸ್ತೀನಿ, ನನಗೇನೂ ಕೊಡಬ್ಯಾಡ್ರಿ" ಎಂದರು. ನೋಟೀಸು ಆ ವಿಳಾಸದಲ್ಲಿ ಅಂಥ ಕಂಪನಿಯೇ ಇಲ್ಲ ಎಂಬ ಷರಾ ಹೊತ್ತು ವಾಪಸು ಬಂತು. ವಕೀಲರು ಅದನ್ನು ನಮ್ಮ ಮುಂದಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು. ಅದೇ ಪುಡಿ, ಬೇರೆ ಹೆಸರಿನಲ್ಲಿ, ಅದೇ ಇಬ್ಬರು ಗಂಡಸರ ಚಿತ್ರದ ಜೊತೆ ವಾರಪತ್ರಿಕೆಯಲ್ಲಿ ಆಗಲೂ ಬರುತ್ತಿತ್ತು.

ಆಮೇಲೆ ಅಣ್ಣ ತನಗಾದದ್ದನ್ನು ತಾನೇ ಜನರಿಗೆ ಹೇಳುತ್ತಾ ತಿರುಗತೊಡಗಿದ. ಅಷ್ಟರಲ್ಲಿ ಅಂಥ ಡಬ್ಬಿಗಳು ಸಂತೆಗಳಿಗೂ ಬಂದಿದ್ದವು. ಒಂದು ಚಿಟಿಕೆ ಪುಕ್ಕಟೆ ನೆಕ್ಕಿಸಿ, ಒಂದು ಪೊಟ್ಟಣ ಪುಕ್ಕಟೆ ಕೊಟ್ಟು, ಮುಂದಿನ ಸಂತೆಗೆ ಡಬ್ಬಿ ಮಾರುವವರು. ಅಣ್ಣ ಅವರ ಡೇರೆಯ ಹತ್ತಿರ ಊರುಗೋಲು ಊರಿ ನಿಂತು, ಬಂದವರಿಗೆ ತನ್ನ ಕಥೆ ಹೇಳುತ್ತಿದ್ದ. ಕೆಲವರು ಕೇಳುತ್ತಿದ್ದರು. ಕೆಲವರು ಇವನೂ ಏನೋ ಮಾರಲು ಬಂದಿದ್ದಾನೆ ಎಂದುಕೊಳ್ಳುತ್ತಿದ್ದರು.

ನಾನು ಆಗ ಮದುವೆಯಾಗಿ ಚನ್ನಗಿರಿಯಲ್ಲಿದ್ದೆ. ನನ್ನ ಮಗಳ ನಾಮಕರಣಕ್ಕೆ ಬಂದಿದ್ದ ಅಣ್ಣ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ:

"ಸಾಸ್ವೆಹಳ್ಳಿ ಸಂತೇಲಿ ಒಬ್ಬ ತಾಯಿ ಬಂದಿದ್ಲು ತಂಗಿ. ಮಗಳು ಭಾಳ ಸಣ್ಣಕಿದ್ಲು, ನೋಡಾಕೆ ಬಂದ ಗಂಡಿನೋರೆಲ್ಲ ಬ್ಯಾಡ ಅಂದು ಹೋಗ್ಯಾರಂತೆ. ನಾನು ಎಲ್ಲಾ ಹೇಳಿದೆ. ಕಾಲು ತೋರಿಸಿದೆ. ಪೂರ್ತಿ ಕೇಳಿದ್ಲು, ಪಾಪ, ಕಣ್ಣಾಗೆ ನೀರೂ ಬಂತು. ಆಮೇಲೆ ಏನು ಕೇಳಿದ್ಲು ಗೊತ್ತಾ? 'ಮುಖ ತುಂಬಿದ್ದು ನಿಜ ಏನಪ್ಪಾ?' ಅಂತ."

"ನೀನೇನು ಅಂದೆ?"

"ಸುಳ್ಳು ಹೇಳಾಕೆ ಬಾಯಿ ಬರಲಿಲ್ಲ. ನಿಜ ಅವ್ವಾ, ಆದ್ರೆ ಅಂತ ಇನ್ನೂ ಅನ್ನಾಕತ್ತಿದ್ದೆ. 'ಮದುವೆ ಆಗೋಗಂಟ ಕೊಟ್ಟು ಬಿಡಿಸ್ತೀನಿ ಬಿಡು' ಅಂದು ಮಗಳ ಕೈ ಹಿಡಕಂಡು ಡೇರೆ ಕಡೆ ಹೋದ್ಲು. ಕೂಗಿದೆ. ಹಿಂದೇನೂ ಹೋದೆ. ಆ ಜನದಾಗೆ ಅವಳತ್ರ ಮುಟ್ಟಾಕೆ ಆಗಲಿಲ್ಲ."

ಅಣ್ಣ ಮಗುವಿನ ಮುಚ್ಚಿದ ಮುಷ್ಟಿಯ ಬೆರಳುಗಳನ್ನು ಬಿಡಿಸುತ್ತಾ ಕೂತಿದ್ದ. ಮುಂದಿನ ಸಂತೆಗೂ, ಅದರ ಮುಂದಿನ ಸಂತೆಗೂ ಹೋಗಿ ಹುಡುಕಿದ್ದನಂತೆ. ಅವರು ಸಿಕ್ಕಿರಲಿಲ್ಲ. ಯಾವ ಊರಿನವರೋ, ಆ ಹುಡುಗಿ ಏನಾದಳೋ, ನಮಗೆ ಯಾವತ್ತೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ನನ್ನ ಗಂಡನ ಮನೆಯವರೆಲ್ಲ ನಡುಮನೆಯಲ್ಲಿ ಸಾಲಾಗಿ ನೆಲದ ಮೇಲೆ ಕೂತರು. ಅಣ್ಣನಿಗೆ ನೆಲಕ್ಕೆ ಕೂರಲು ಆಗುವುದಿಲ್ಲವೆಂದು ಸಾಲಿನ ಕೊನೆಯಲ್ಲಿ ಒಂದು ಕುರ್ಚಿ ಹಾಕಿ, ತಟ್ಟೆಯನ್ನು ಕೈಗೆ ಕೊಟ್ಟೆ. ಬಡಿಸುವವರು ಅವನ ಹತ್ತಿರ ಬಂದಾಗೆಲ್ಲ ಅವನು ತಟ್ಟೆಯನ್ನು ಮೇಲೆತ್ತಿ ಹಿಡಿದು, "ನಿಮಗೆ ತೊಂದ್ರೆ ಆತು ನೋಡ್ರಿ" ಎನ್ನುತ್ತಿದ್ದ.