ಗೋದಾಬಾಯಿಯ ತಂದೆಯ ಹೆಸರು

ಮಾಳಮಡ್ಡಿಯಲ್ಲಿ ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋದರು ಎಂಬುದನ್ನು ಇವತ್ತಿಗೂ ನಮ್ಮವ್ವ ಗೋದಾಬಾಯಿಯನ್ನೇ ಕೇಳಬೇಕು. ಅಂಥವಳು ಈಚೆಗೆ ಒಲೆಯ ಮೇಲೆ ಹಾಲಿಟ್ಟು ಮಠಕ್ಕೆ ಹೋಗಿಬಿಟ್ಟಳು. ಡಾಕ್ಟರು, "ಮರವು ಶುರು ಆಗಿರಬಹುದು, ನೋಡ್ಕೋತ ಇರ್ರಿ" ಎಂದರು. ಅಂದಿನಿಂದ ನಾನು ನೋಡುವುದೇ ನೋಡುವುದು. ಅವಳು ಒಂದು ಮಾತಿಗೆ ತಡವರಿಸಿದರೂ ಅವಳ ಮುಖವನ್ನೇ ದಿಟ್ಟಿಸುತ್ತೇನೆ. "ಹಂಗ್ಯಾಕ ನೋಡ್ತಿ? ನನಗೇನು ಹುಚ್ಚು ಹಿಡದದೇನು?" ಎಂದು ಬೈಯುತ್ತಾಳೆ.

ಇದರ ನಡುವೆ ಅವಳ ಪ್ಯಾನ್ ಕಾರ್ಡು ಕಳೆಯಿತು. ನಂಬರೂ ಯಾರಿಗೂ ಗೊತ್ತಿಲ್ಲ. ಅದು ಬೇಕೇ ಬೇಕೆಂದು ಬ್ಯಾಂಕಿನವರು ಪಟ್ಟು ಹಿಡಿದಾಗ ಅವಳನ್ನು ಜುಲ್ಫಿಕಾರನ ಆನ್‌ಲೈನ್ ಸೆಂಟರಿಗೆ ಕರೆದುಕೊಂಡು ಹೋದೆ. ಹೆಸರು, ಹುಟ್ಟಿದ ತಾರೀಖು ಬರೆದುಕೊಂಡ ಜುಲ್ಫಿಕಾರ ಕೇಳಿದ:

"ತಂದಿ ಹೆಸರ್ರಿ, ಬಾಯಾರ?"

"ಸ್ವಾಮಿರಾವ್."

ಕಂಪ್ಯೂಟರಿನ ದಾಖಲೆಗೆ ಅದು ಹೊಂದಲಿಲ್ಲ. ಅಕ್ಷರ ಕೂಡಿಸಿ, ಬಿಡಿಸಿ, ಬದಲಿಸಿ ನೋಡಿದ. ಊಹೂಂ.

"ಅವರಿಗೆ ಬ್ಯಾರೆ ಏನರ ಹೆಸರು ಇತ್ತೇನ್ರಿ?"

ಅವ್ವ ನನ್ನ ಕಡೆ ನೋಡಿದಳು. "ಸ್ವಾಮಿರಾವ್ ಅಂತನ ಕರೀತಿದ್ರು... ಅಲ್ಲೇನ?"

ನನ್ನನ್ನು ಕೇಳಿದರೆ? ನಾನು ಅಜ್ಜನನ್ನು ಕಂಡವಳೇ ಅಲ್ಲ, ಅವಳ ಬಾಯಿಂದಲೇ ಆ ಹೆಸರು ಕೇಳಿದವಳು. ಸಿಟ್ಟು ನೆತ್ತಿಗೇರಿತು. ಸಿಟ್ಟೆಲ್ಲಿ, ಹೆದರಿಕೆ ಅದು. "ನಿಮ್ಮಪ್ಪನ ಹೆಸರು ನಿನಗ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತಿರಬೇಕವ್ವಾ? ಸರಿಯಾಗಿ ನೆನಪು ಮಾಡ್ಕೋ!" ಎಂದು ನಾಲ್ಕು ಮಂದಿಯ ಮುಂದೆ ಒದರಿದೆ. ಅವಳ ಮುಖ ಇಷ್ಟೇ ಇಷ್ಟಾಯಿತು.

"ಅರ್ಜಿ ತುಂಬಿದವರು ಯಾರ್ರಿ?" ಎಂದ ಜುಲ್ಫಿಕಾರ.

"ಅವರು" ಎಂದಳು ಅವ್ವ. ಅವರು ಎಂದರೆ ತೀರಿಹೋದ ನಮ್ಮಪ್ಪ. ಮೊದಲೆಲ್ಲ ಅರ್ಜಿಗಳಲ್ಲಿ 'ತಂದೆ ಅಥವಾ ಗಂಡನ ಹೆಸರು' ಎಂದು ಇರುತ್ತಿತ್ತು. ಅಲ್ಲಿ ಅಪ್ಪ ಕಣ್ಣು ಮುಚ್ಚಿ ತನ್ನ ಹೆಸರು ಜಡಿಯುತ್ತಿದ್ದ; ಬರೀ 'ತಂದೆಯ ಹೆಸರು' ಎಂದಿದ್ದಲ್ಲೂ ಅದೇ ರೂಢಿ.

"ಹಂಗಾರ ಅವರ ಹೆಸರು ಹಾಕಿ ನೋಡೂಣು. ಏನ್ರಿ ಹೆಸರು?"

ಅವ್ವ ಬಾಯಿ ಬಿಡಲಿಲ್ಲ. ಜನ್ಮದಲ್ಲಿ ಗಂಡನ ಹೆಸರು ಹೇಳಿದವಳಲ್ಲ. ಇದೂ ಮರೆವೇ ಎಂದುಕೊಂಡ ಅವನು ಕನಿಕರದಿಂದ, "ಇರ್ಲಿ ಬಿಡ್ರಿ, ಸಾವಕಾಶ" ಎಂದ. ನನಗೆ ಮೈಯೆಲ್ಲ ಉರಿಯಿತು.

"ಯಜ್ಞೇಶ್ವರ!" ಎಂದೆ.

ನಂಬರು ಬಂತು. ಜುಲ್ಫಿಕಾರ ನಕ್ಕ. "ಸರಕಾರದ ಲೆಕ್ಕದಾಗ ಯಜಮಾನ್ರು ನಿಮಗ ತಂದಿ ಆಗ್ಯಾರ ನೋಡ್ರಿ, ಬಾಯಾರ!"

ನಾನೂ ಬಿದ್ದು ಬಿದ್ದು ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. "ನೋಡವ್ವಾ, ತಪ್ಪಿದವರು ಅಪ್ಪ. ನಿನ್ನ ತಲಿ ಛಲೋ ಅದ!" ಅವಳು ಮಾತ್ರ ನಗಲಿಲ್ಲ.

ಆಟೋದಲ್ಲಿ ದಾರಿಯುದ್ದಕ್ಕೂ ನಾನೇ ವಟಗುಟ್ಟಿದೆ. ಮನೆಯ ಮುಂದೆ ಇಳಿದಾಗ ಅವಳು ನನ್ನ ರಟ್ಟೆ ಹಿಡಿದು ನಿಂತಳು.

"ಸಂಪದಾ, ಒಂದು ಕೇಳ್ತೇನಿ, ಮತ್ತ ಒದರಬ್ಯಾಡ."

"ಇಲ್ಲವ್ವಾ, ಕೇಳು."

"ನೀ ಒದರಿದಾಗಿಂದ ಎಲ್ಲಾ ಕಲಸಿ ಹೋಗ್ಯದ. ನಮ್ಮಪ್ಪನ ಹೆಸರು ಏನ?"