ಗಂಜಿ ಕುಡಿದ ಲಾರಿ

ನನ್ನ ಗಂಡ ತೀರಿಹೋದ ಮೇಲೆ ಹಟ್ಟಿಯಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು ಎರಡು. ಒಂದು ಅವರ ಹಳೆಯ ಲಾರಿ, ಇನ್ನೊಂದು ನಾನು. ಘಟ್ಟ ಹತ್ತುವಾಗ ಕುದಿಯುತ್ತದೆ ಎಂಬುದು ಲಾರಿಯ ಮೇಲಿನ ದೂರು. ಮಕ್ಕಳಿಲ್ಲ ಎಂಬುದು ನನ್ನ ಮೇಲಿನದು. ಎರಡನ್ನೂ ಸಾಗಹಾಕುವುದೆಂದು ನನ್ನ ಬಾವ, ಅಂದರೆ ಗಂಡನ ಅಣ್ಣ, ತೀರ್ಮಾನ ಮಾಡಿಬಿಟ್ಟಿದ್ದರು. ಲಾರಿ ಊಟಿಯ ಗುಜರಿಯವನಿಗೆ, ನಾನು ತಾಯಿಮನೆಗೆ.

ಮಕ್ಕಳಿಲ್ಲದ ವಿಧವೆ ತಾಯಿಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಯಾರೂ ಕುತ್ತಿಗೆ ಹಿಡಿದು ದೂಡುವುದಿಲ್ಲ. ಊಟಕ್ಕೆ ಕೂರಿಸಿ, ಮೆಲ್ಲಗೆ, ನಮ್ಮ ಒಳ್ಳೆಯದಕ್ಕೇ ಎನ್ನುವಂತೆ ಹೇಳುತ್ತಾರೆ. ಅದೇ ನನ್ನ ಹೊಟ್ಟೆ ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಣ್ಣಂದಿರ ಹೆಂಡಿರ ಮಾತು ಕೇಳಿಕೊಂಡು, ಅವರ ಒಲೆ ಊದುತ್ತ ಮುದುಕಿಯಾಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆ ಲಾರಿಯನ್ನು ಬಾವನಿಗಿಂತ ಚೆನ್ನಾಗಿ ನಾನು ಬಲ್ಲೆ. ಬೆಳಿಗ್ಗೆ ಅದಕ್ಕೆ ಹಳ್ಳದಿಂದ ನೀರು ಹೊತ್ತು ತಂದವಳು ನಾನು. ನಮ್ಮ ಸೋಲೂರಿನ ಕಡೆ ಹಿಮ ಬೀಳುವ ತಿಂಗಳುಗಳಲ್ಲಿ ಸಂಜೆ ಕೆಳಗಿನ ತಿರುಪು ಬಿಚ್ಚಿ ಆ ನೀರನ್ನೆಲ್ಲ ಹೊರಗೆ ಬಿಟ್ಟವಳೂ ನಾನೇ. ಬಿಡದಿದ್ದರೆ ನೀರು ಗಡ್ಡೆಕಟ್ಟಿ ಮುಂದಿನ ನೀರುಪೆಟ್ಟಿಗೆಯ ಕೊಳವೆಗಳು ಸೀಳಿಹೋಗುತ್ತವೆ. ರೇಡಿಯೇಟರು ಎಂಬ ಹೆಸರು ಆಮೇಲೆ ಬಂತು. ನಮಗೆ ಅದು ನೀರುಪೆಟ್ಟಿಗೆ.

ಹಟ್ಟಿಯ ಹಿರಿಯರು ಹುಲ್ಲುಬಯಲಲ್ಲಿ ಕೂಡಿದ್ದ ದಿನ ನಾನು ಹೋಗಿ ಎದುರಿಗೆ ನಿಂತೆ. ಹೆಂಗಸರು ಅಲ್ಲಿ ಬಾಯಿ ಬಿಡುವ ಪದ್ಧತಿಯಿರಲಿಲ್ಲ. ಬಿಟ್ಟೆ.

"ಲಾರಿಯ ಮಸಿನಗುಡಿಗೆ ಇಳಿಸಿ, ಗೊಬ್ಬರ ತುಂಬಿ, ಕಲ್ಲಟ್ಟಿ ಘಟ್ಟ ಹತ್ತಿಸಿ ತರುವೆ. ಕುದಿಯದೆ ಹತ್ತಿದರೆ ಲಾರಿ ಎನ್ನದು, ನಾನೂ ಇಲ್ಲೇ ಇರುವೆ. ಕುದಿದರೆ ಎರಡನ್ನೂ ಕಳಿಸಿಬುಡಿ," ಎಂದೆ.

ಗಂಡಸರು ನಕ್ಕರು. ಬಾವ ಎಲ್ಲರಿಗಿಂತ ಜೋರಾಗಿ ನಕ್ಕರು. "ಆಗಲಿ. ಗೌಡರ ಮುಂದೆಯೇ ಹೇಳುವೆ, ಆಗಲಿ. ನಾನೂ ಕೂತು ಬರುವೆ, ನೋಡುವ," ಎಂದರು. ಊರಗೌಡರು ಬಹಳ ವಯಸ್ಸಾದವರು. ಅವರು ನಗಲಿಲ್ಲ, ತಲೆ ಆಡಿಸಿ ಒಪ್ಪಿಗೆ ಕೊಟ್ಟರು.

ಲಾರಿ ಓಡಿಸುತ್ತಿದ್ದವನು ಗೂಡಲೂರಿನ ಕಡೆಯ ಮಲೆಯಾಳಿ. ಗಂಡನ ಕಾಲದಿಂದ ಇದ್ದವನು, ನನ್ನನ್ನು ಚೇಚಿ ಎನ್ನುತ್ತಿದ್ದ, ಅಂದರೆ ಅಕ್ಕ. ಮರುದಿನ ಇಬ್ಬರೂ ಅಂಗಳದಲ್ಲಿ ಎಂಜಿನ್ನು ಚಾಲೂ ಮಾಡಿ ನೋಡಿದೆವು. ಸ್ವಲ್ಪ ಹೊತ್ತಿಗೇ ನೀರುಪೆಟ್ಟಿಗೆಯ ಮೇಲ್ಭಾಗ ಕೈ ಇಡಲಾಗದಷ್ಟು ಸುಡುತ್ತಿತ್ತು. ಕೆಳಭಾಗ ಮುಟ್ಟಿದರೆ ಹಳ್ಳದ ಕಲ್ಲಿನಂತೆ ತಣ್ಣಗೆ. ಬಿಸಿನೀರು ಮೇಲಿಂದ ಬಂದು, ಕೊಳವೆಗಳಲ್ಲಿ ಇಳಿಯುತ್ತ ತಣಿದು, ಕೆಳಗಿನಿಂದ ಎಂಜಿನ್ನಿಗೆ ಮರಳಬೇಕು. ಇಲ್ಲಿ ಇಳಿಯುತ್ತಲೇ ಇರಲಿಲ್ಲ. ಎಂಜಿನ್ನು ತಣಿಯುವವರೆಗೆ ಕಾದು ಕೆಳಗಿನ ರಬ್ಬರು ಕೊಳವೆ ಕಳಚಿದೆವು. ನೀರು ತೊಟ್ಟಿಕ್ಕಿತು. ಅದರ ಹಿಂದೆ ಕಂದು ಬಣ್ಣದ ಒಂದು ಮುದ್ದೆ ಜಾರಿ ನನ್ನ ಅಂಗೈಗೆ ಬಿತ್ತು.

ತಿಕ್ಕಿ ನೋಡಿದೆ, ಮೂಸಿ ನೋಡಿದೆ. ರಾಗಿ ಗಂಜಿ.

ಹೊಸ ಮಡಕೆ ಬೆವರಿದರೆ ನಮ್ಮ ಮನೆಗಳಲ್ಲಿ ಮಾಡುವುದೇ ಅದು. ತೆಳ್ಳಗೆ ರಾಗಿ ಗಂಜಿ ಕಾಸಿ ಮಡಕೆಗೆ ಹೊಯ್ದು ಕುದಿಸುತ್ತೇವೆ, ಗಂಜಿ ಸಣ್ಣ ತೂತುಗಳಿಗೆ ಇಳಿದು ಮುಚ್ಚಿಕೊಳ್ಳುತ್ತದೆ. ನೀರುಪೆಟ್ಟಿಗೆ ಒಂದು ಮೂಲೆಯಲ್ಲಿ ಸೋರುತ್ತಿತ್ತು, ನನಗೆ ಗೊತ್ತಿತ್ತು. ಯಾರೋ ಅದನ್ನೂ ಮಡಕೆಯೆಂದುಕೊಂಡು ಗಂಜಿ ಹೊಯ್ದಿದ್ದರು. ಸೋರುವುದೇನೋ ನಿಂತಿತು. ಕೊಳವೆಗಳೂ ಕಟ್ಟಿಕೊಂಡವು.

ಬಾವನದೇ ಕೆಲಸ, ಬೇಕೆಂದೇ ಕೆಡಿಸಿದ್ದಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಮುದ್ದೆಯನ್ನು ಮುಷ್ಟಿಯಲ್ಲಿ ಹಿಡಿದು ಅವರ ಮನೆಯ ಕಡೆ ಹೊರಟೇಬಿಟ್ಟೆ. ಆ ಗಂಜಿಯನ್ನು ಅವರಿಗೇ ಕುಡಿಸುವ ಸಿಟ್ಟು.

ಡ್ರೈವರ್ ಅಡ್ಡ ಬಂದು ನಿಂತ. "ಪೋಂಡ ಚೇಚಿ, ಹೋಗಬೇಡ. ಯಜಮಾನರ ಅಣ್ಣನಲ್ಲ ಹಾಕಿದ್ದು. ಯಜಮಾನರೇ. ಕೊನೇ ಸಲ ಮಸಿನಗುಡಿಗೆ ಹೋಗುವ ಮುಂಚೆ, ನಾನು ನೋಡಿದೆ. ಕೊಳವೆ ಕಟ್ಟುತ್ತೆ ಅಂತ ತಿಳಿಯಲಿಲ್ಲ."

ಅಲ್ಲೇ ನೆಲದ ಮೇಲೆ ಕೂತೆ. ಆ ಕೊನೆಯ ಸಲವೇ ಅವರು ಕೆಳಗಿನ ಚಳಿಜ್ವರ ಹತ್ತಿಸಿಕೊಂಡು ಬಂದು ತೀರಿಹೋದದ್ದು. ಘಟ್ಟದಲ್ಲಿ ಲಾರಿ ಕುದಿದು ಕುದಿದು ನಿಂತಿತಂತೆ, ಸೊಳ್ಳೆಯ ಕಾಡಿನಲ್ಲಿ ಇಡೀ ದಿನ ಬಿದ್ದಿದ್ದರಂತೆ. ಅಯ್ಯೋ ನನ್ನಪ್ಪ, ನನ್ನನ್ನೊಂದು ಮಾತು ಕೇಳಿದ್ದರೆ ಮಡಕೆಗೆ ಕೊಳವೆ ಇರುವುದಿಲ್ಲ ಎಂದು ಹೇಳುತ್ತಿದ್ದೆನಲ್ಲ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ನಾನು ಬಾಯಿಗೆ ಬಂದಂತೆ ಬೈದೆ, ಬೈಯುತ್ತ ಅತ್ತೆ. ಡ್ರೈವರ್ ಆಚೆ ಮುಖ ಮಾಡಿ ಬೀಡಿ ಸೇದುತ್ತ ನಿಂತಿದ್ದ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಒಲೆಯ ಬೂದಿ ತರಲು ಎದ್ದೆ.

ತಳ ಹಿಡಿದ ಮಡಕೆಗೆ ಬೂದಿನೀರು ಹಾಕಿ ನೆನೆಸುತ್ತೇವೆ. ಇದಕ್ಕೂ ಅದೇ ಮಾಡಿದೆ. ನೀರುಪೆಟ್ಟಿಗೆಯನ್ನು ಬಿಚ್ಚಿ ಇಳಿಸಿ, ಕಾಸಿದ ಬೂದಿಯ ತಿಳಿನೀರು ತುಂಬಿ ನೆನೆಸಿಟ್ಟೆವು. ಆಮೇಲೆ ತಲೆಕೆಳಗಾಗಿ ನಿಲ್ಲಿಸಿ ಕೆಳಬಾಯಿಂದ ನೀರು ಹೊಯ್ದೆವು. ಬಂದ ದಾರಿಯಲ್ಲೇ ಗಂಜಿ ಹೊರಬೀಳಬೇಕಿತ್ತು. ಚೂರು ಚೂರಾಗಿ ಬಿತ್ತು. ತಿಳಿನೀರು ಬರುವತನಕ ಬಿಡಲಿಲ್ಲ, ನನ್ನ ಕೈಚರ್ಮ ಸುಲಿದುಹೋಯಿತು. ಗಂಜಿ ಹೋದದ್ದೇ ಹಳೆಯ ತೂತು ಮತ್ತೆ ಸೋರತೊಡಗಿತು. ಅದನ್ನು ಊಟಿಯಲ್ಲಿ ಪಾತ್ರೆಗೆ ಬೆಸುಗೆ ಹಾಕುವವನ ಹತ್ತಿರ ಹೊತ್ತೊಯ್ದು ಮುಚ್ಚಿಸಿದೆ.

ಮಸಿನಗುಡಿಗೆ ಇಳಿದೆವು. ಆಲೂಗಡ್ಡೆ ಹೊಲಕ್ಕೆ ಬೇಕಾದ ದನದ ಗೊಬ್ಬರ ತುಂಬಿಸಿದೆವು. ಬಾವ ಡ್ರೈವರ್ ಪಕ್ಕ ಕೂತರು. ನಾನು ಒಳಗೆ ಕೂರಲಿಲ್ಲ, ಮುಂದಿನ ಚಕ್ರದ ಮೇಲಿನ ತಗಡಿನ ಮೇಲೆ ಹತ್ತಿ ಕೂತೆ. ನಮ್ಮ ಲಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಇರಲಿಲ್ಲ. ನಾನೇ ಮುಳ್ಳು. ತಲೆಗೆ ಕಟ್ಟಿದ್ದ ಬಿಳಿ ಬಟ್ಟೆಯಿಂದ ಒಂದು ಪಟ್ಟಿ ಹರಿದು, ಒದ್ದೆ ಮಾಡಿ, ಬಾನೆಟ್ಟಿನ ಪಕ್ಕದ ತಗಡು ತೆರೆದಿಟ್ಟು ನೀರುಪೆಟ್ಟಿಗೆಯ ಮೇಲಿನ ಕೊಳವೆಗೆ ಸುತ್ತಿದ್ದೆ. ಬಟ್ಟೆ ಹದವಾಗಿ ಆರುತ್ತಿದ್ದರೆ ಹೋಗಬಹುದು. ಹಬೆಯಾಡತೊಡಗಿದರೆ ನಿಲ್ಲಬೇಕು.

ಕಲ್ಲಟ್ಟಿ ಎಂದರೆ ಸುಮ್ಮನೆಯಲ್ಲ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ತಲೆಯ ಮೇಲೆ ಕಾಣುತ್ತದೆ. ಅರ್ಧ ಘಟ್ಟದಲ್ಲಿ ಬಟ್ಟೆಯಿಂದ ಹಬೆ ಎದ್ದಿತು. ಕೈ ಎತ್ತಿದೆ. ಡ್ರೈವರ್ ಲಾರಿಯ ಮೂತಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ನಿಲ್ಲಿಸಿದ, ಚಕ್ರಕ್ಕೆ ಕಲ್ಲು ಕೊಟ್ಟ. ಎಂಜಿನ್ನು ಆರಿಸಲಿಲ್ಲ, ಮೆಲ್ಲಗೆ ಓಡುತ್ತಿರಲು ಬಿಟ್ಟ.

ಬಾವ ಇಳಿದು ಬಂದರು. ಪಕ್ಕದಲ್ಲೇ ತೊರೆ ಹರಿಯುತ್ತಿತ್ತು. "ನೀರು ತಂದು ಹೊಯ್ಯಿ ಮತ್ತೆ. ಏನ ನೋಡುತ್ತ ಕೂತೆ?" ಎಂದರು.

"ಹೊಯ್ಯಲ್ಲೆ."

"ಕುದಿಯಲಿ ಅಂತಲಾ?"

"ಕಾದ ಕಬ್ಬಿಣಕ್ಕೆ ತೊರೆನೀರು ಹೊಯ್ದರೆ ಎಂಜಿನ್ನು ಸೀಳಿಹೋಗುತ್ತೆ. ಮುಚ್ಚಳ ಬಿಚ್ಚಿದರೆ ನಿನ್ನ ಮುಖ ಬೇಯುತ್ತೆ. ಕೂತುಕೊ ಬಾವ," ಎಂದೆ. ಬಾವನಿಗೆ ಕೂತುಕೊ ಎಂದವಳು ಆ ಹಟ್ಟಿಯಲ್ಲಿ ನಾನೇ ಮೊದಲಿರಬೇಕು. ಅವರು ಕೂರಲಿಲ್ಲ, ಆದರೆ ತೊರೆಯ ಕಡೆಗೂ ಹೋಗಲಿಲ್ಲ.

ಕಾದೆವು. ಆ ಹಬೆ ಜೋರಾಗಿ ಮುಚ್ಚಳದಿಂದ ಬುಸ್ಸೆಂದರೆ ನನ್ನ ಗಂಟುಮೂಟೆ ಕಟ್ಟಿದಂತೆಯೇ. ಗಾಳಿ ಬೀಸಿತು. ಬಟ್ಟೆಯ ಹಬೆ ತೆಳುವಾಯಿತು, ನಿಂತಿತು. ನೀರುಪೆಟ್ಟಿಗೆಯ ಕೆಳಭಾಗ ಮುಟ್ಟಿ ನೋಡಿದೆ, ಹದವಾದ ಬಿಸಿ. ನೀರು ಇಳಿಯುತ್ತಿತ್ತು, ಅಷ್ಟು ಸಾಕು. ಬಟ್ಟೆ ಒದ್ದೆ ಮಾಡಿ ಮತ್ತೆ ಸುತ್ತಿ ಹೊರಟೆವು. ಗಾಳಿ ಬೀಸುವ ತಿರುವು ಕಂಡಾಗೆಲ್ಲ ಹಾಗೇ ನಿಲ್ಲಿಸಿದೆವು. ಬಾವ ಗೊಣಗಿದಾಗೆಲ್ಲ ನಾನು ಇನ್ನಷ್ಟು ಹೊತ್ತು ಕೂತೆ. ಘಟ್ಟದ ತಲೆ ತಲುಪುವವರೆಗೆ ಒಂದು ಸಲವೂ ಕುದಿಯಲಿಲ್ಲ.

ಹಟ್ಟಿಗೆ ಬಂದಾಗ ಜನ ಸೇರಿದ್ದರು, ಗೌಡರೂ ಬಂದಿದ್ದರು. ಬಾವ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು, ಕರುವಿನ ಬೆನ್ನು ಸವರಿದಂತೆ ಸವರಿದರು.

"ಗಟ್ಟಿ ಗಾಡಿ," ಎಂದರು. "ಗುಜರಿಗೆ ಕೊಡುವುದು ಬೇಡ. ಎನ್ನ ದೊಡ್ಡ ಮಗ ಓಡಿಸಲಿ, ಮನೆಯ ಆಸ್ತಿ ಮನೆಯಲ್ಲೇ ಇರುತ್ತೆ. ನೀ ಇಷ್ಟು ಮಾಡಿದೆ, ಒಳ್ಳಿತು. ಇನ್ನು ತಾಯಿಮನೆಗೆ ಹೋಗಿ ಆರಾಮವಾಗಿ ಇರು."

ಅದೇ ಮೆಲು ದನಿ. ನನಗೆ ತಲೆಯಿಂದ ಕಾಲಿನವರೆಗೆ ಉರಿದುಹೋಯಿತು. ಚಕ್ರದ ತಗಡಿನಿಂದ ಇಳಿಯದೆಯೇ ಕೇಳಿದೆ, "ಕುದಿಯುವಾಗ ಎನ್ನದು, ಕುದಿಯದಾಗ ನಿನ್ನದಾ ಬಾವ?"

ಬಾವ ಗೌಡರ ಮುಖ ನೋಡಿದರು. ಗೌಡರು ಕೋಲೂರಿ ಲಾರಿಯ ಹತ್ತಿರ ಬಂದು, ಸುತ್ತಿದ್ದ ಬಟ್ಟೆಯನ್ನು ನೋಡಿ, ಸುಲಿದ ನನ್ನ ಕೈಗಳನ್ನು ನೋಡಿದರು.

"ನೀ ಹೇಳಿದ ಮಾತಿನಲ್ಲಿ ನಿನ್ನ ಮಗ ಇರಲಿಲ್ಲೆ," ಎಂದು ಬಾವನಿಗೆ ಹೇಳಿದರು. ನನ್ನ ಕಡೆ ತಿರುಗಿ, "ಗೊಬ್ಬರ ಎಲ್ಲಿ ಇಳಿಸುವೆ?" ಎಂದು ಕೇಳಿದರು.

ಬಾವನ ಹೊಲದಲ್ಲೇ ಮೊದಲು ಇಳಿಸಿದೆ. ತಾಯಿಮನೆಗೆ ನಾನು ಹೋಗದೆ ಇರಲಿಲ್ಲ. ಹಬ್ಬಕ್ಕೆ ಹೋದೆ, ಆ ಲಾರಿಯಲ್ಲೇ, ಹಬ್ಬ ಮುಗಿದ ಬೆಳಿಗ್ಗೆ ಅದಕ್ಕೆ ನೀರು ತುಂಬಿಸಿಕೊಂಡು ನನ್ನ ಮನೆಗೆ ಬಂದೆ.